ಹದಿನೇಳನೇ ಹಲ್ಲು

ನವಲಗುಂದದಾಗ ಕಬ್ಬಿಣ ನನ್ನ ಮಾರಿ ನೋಡಿದರೆ ಸಾಕು, ತಾನಾಗೇ ಹಲ್ಲು ಮೂಡಿಸಿಕೊಳ್ಳುತ್ತದೆ. ಅಂಥಾ ನನ್ನ ಗೇರ್ ಕೊಯ್ಯುವ ವರ್ಕ್‌ಶಾಪಿಗೆ ಕಾಲೇಜಿನ ಹುಡುಗಿಯೊಬ್ಬಳು ಬಂದಳು. ರೋಬೋಟಿನ ಎರಡು ಗಾಲಿಗೆ ಎರಡು ಜೋಡಿ ಬೆವೆಲ್ ಗೇರ್, ಅಂದರೆ ಓರೆ ಹಲ್ಲಿನ ಚಕ್ರ, ಬೇಕು, ಎಲ್ಲಕ್ಕೂ ಹದಿನಾರೇ ಹಲ್ಲು, ಶನಿವಾರ ಸ್ಪರ್ಧೆ ಅಂದಳು.

ಚಹಾ ಒಲ್ಲೆಂದು ನನ್ನ ಕೈಯನ್ನೇ ನೋಡುತ್ತ ನಿಂತಳು. ಇಕಿ ನನ್ನ ಗುಟ್ಟು ಕದಿಯಾಕ ಬಂದಾಳ ಅಂತ ಸಂಶಯ ಬಂತು. ಜೋಡಿಯಲ್ಲಿ ಒಂದು ಗೇರಿಗೆ ಒಂದು ಹಲ್ಲು ಹೆಚ್ಚು ಇಡೋದು ನನ್ನ ಪದ್ಧತಿ. ಆಗ ಪ್ರತಿ ಸುತ್ತಿಗೂ ಅದೇ ಹಲ್ಲು ಅದೇ ಹಲ್ಲಿಗೆ ತಿಕ್ಕಿ ಸವೆಸೋದಿಲ್ಲ. ಮೊದಲ ಜೋಡಿಗೆ ಆಕೆಯ ಕಣ್ಣೆದುರೇ ಹದಿನಾರು ಕೊಯ್ದೆ. ಗುಟ್ಟು ಕಾಣದಂಗ ಆಕೆಯನ್ನು ನೀರು ತರಲು ಕಳಿಸಿ, ಎರಡನೇ ಜೋಡಿಯ ಒಂದಕ್ಕೆ ಹದಿನೇಳು ಕೊಯ್ದೆ.

ಶುಕ್ರವಾರ ರೋಬೋಟ್ ಹೊತ್ತು ತಂದು ನೆಲಕ್ಕಿಟ್ಟಳು. ಗಾಣದ ಎತ್ತಿನಂಗ ಸುತ್ತತೊಡಗಿತು.

“ಅಜ್ಜಾ, ಒಂದು ಗಾಲಿ ಸಾವಕಾಶ ತಿರಗತೈತ್ರಿ.”

“ನಿಮ್ಮ ಕಂಪ್ಯೂಟರ್ ತಪ್ಪಿರಬೇಕವಾ.”

“ಹಲ್ಲು ಬೆರಳಿಲೆ ಎಣಿಸೇನ್ರಿ, ಒಂದಕ್ಕ ಹದಿನೇಳು ಅದಾವ್ರಿ. ನಾಳೆ ಸ್ಪರ್ಧೆ ಐತ್ರಿ.”

ಆಕೆಯ ಕಣ್ಣಲ್ಲಿ ನೀರಿತ್ತು. ಹದಿನಾರು ಹಲ್ಲಿನ ಹೊಸದು ಕೊಯ್ದುಕೊಟ್ಟೆ. ರೋಬೋಟ್ ನೆಟ್ಟಗೆ ಓಡಿತು. ಮನಸ್ಸು ಕರಗಿ ಗುಟ್ಟನ್ನೂ ಹೇಳಿಬಿಟ್ಟೆ.

“ಅದು ನಮ್ಮ ಪುಸ್ತಕದಾಗ ಐತ್ರಿ, ಅಜ್ಜಾ.”

ಆ ಪುಸ್ತಕ ಬರೆದವರು ಯಾವಾಗ ಬಂದು ನನ್ನ ಕೈ ನೋಡಿ ಹೋದರೋ, ಇನ್ನೂ ವಿಚಾರ ಮಾಡಾಕತ್ತೀನಿ.