ಕೆಂಪು ಬಂಗಡೆ

ಬೆಳಿಗ್ಗೆ ಫೋನಿಗೆ ಒಂದು ಚಿತ್ರ ಬಂತು. ಮಾಸಿದ ರಟ್ಟಿನ ಮೇಲೆ ಉರುಟು ಹೊಟ್ಟೆಯ ಕೆಂಪು ಮೀನು, ಕೆಳಗೆ ದಪ್ಪಕ್ಷರದಲ್ಲಿ ‘ಬಂಗಡೆ’. ಕಳಿಸಿದವಳು ಮಂಜಗುಣಿಯ ಶಾಲೆಗೆ ಹೊಸದಾಗಿ ಸೇರಿದ ಶಿಕ್ಷಕಿ. ‘ಅಕ್ಕೋರೆ, ಇದು ನೀವು ಬರೆದದ್ದಂತೆ. ಮೀನು ತಪ್ಪಿದೆ, ಬಂಗಡೆ ಕೆಂಪಿರೋದಿಲ್ಲ. ಬೇರೆ ಬರೆದು ಹಾಕ್ಲಾ?’

ತಪ್ಪದೆ ಏನಾದೀತು ಹೇಳಿ! ಮೀನು ಬೇಯಿಸದ ಮನೆಯಲ್ಲಿ ಹುಟ್ಟಿದ ನಾನು ಎಷ್ಟೋ ವರ್ಷದ ಹಿಂದೆ ಎಂ.ಎ. ಮುಗಿಸಿ ಹಾರವಾಡದ ಮೀನುಗಾರರ ಮಕ್ಕಳಿಗೆ ಪಾಠ ಹೇಳಲು ಹೋದವಳು. ಗಾಜಿನ ತೊಟ್ಟಿಯ ಮೀನೊಂದೇ ನನಗೆ ಗೊತ್ತಿದ್ದದ್ದು. ಮಕ್ಕಳ ಮನೆಮಾತು ಬೇರೆ. ಏನು ಕೇಳಿದರೂ ಕಿಟಕಿಯಾಚೆ ನೋಡುತ್ತಿದ್ದವು. ಮಳೆಗಾಲವಿಡೀ ಹಾಗೇ ಇತ್ತೆಂದು ನನ್ನ ನೆನಪು. ಕೆಲವೇ ವಾರ ಎನ್ನುತ್ತದೆ ಡೈರಿ. ಈ ಕೆಲಸ ನನ್ನಿಂದಾಗದು, ಬಿಟ್ಟು ಹೋಗುವುದೇ ಸರಿ ಎಂದುಕೊಂಡದ್ದಂತೂ ನಿಜ.

ಆಗ ಬಿಣಗಾ ಶಾಲೆಯ ಸುಮತಿ ಅಕ್ಕೋರು ಬಸ್ಸಿನ ಕಂಡಕ್ಟರ್ ಕೈಲಿ ಒಂದು ಬಟ್ಟೆ ಚೀಲ ಕಳಿಸಿದರು. ತುಂಬ ಚಿತ್ರದ ಕಾರ್ಡುಗಳು. ಕಾರವಾರದಿಂದ ಅಂಕೋಲೆಯವರೆಗೆ ಶಾಲೆಯಿಂದ ಶಾಲೆಗೆ ತಿರುಗುವ ಚೀಲ ಅದು. ಬಳಸಿದವರು ತಮ್ಮದೊಂದು ಕಾರ್ಡು ಮಾಡಿ ಸೇರಿಸಿ ಮುಂದೆ ಕಳಿಸಬೇಕು, ಅಷ್ಟೇ. ಯಾವುದು ಯಾರದೆಂದು ಯಾರೂ ಕೇಳುತ್ತಿರಲಿಲ್ಲ.

ನನ್ನ ಪಾಲಿಗೆ ಬಂಗಡೆ ಬರೆದೆ. ತರಗತಿಯಲ್ಲಿ ಎತ್ತಿ ಹಿಡಿದೆ. ಕಿಟಕಿಯಾಚೆ ನೋಡುತ್ತಿದ್ದ ಮುಖಗಳು ಇತ್ತ ತಿರುಗಿದವು. ಆಮೇಲೆ ಹಿಂದಿನ ಸಾಲಿನ ಹುಡುಗಿಯೊಬ್ಬಳು, “ಅಕ್ಕೋರೆ, ಇದ್ಯಾವ ಊರಿನ ಬಂಗಡೆ?” ಎಂದಳು.

“ಮಸಾಲೆ ಹಚ್ಚಿದ್ದೇ ತಂದಾರೆ ಕಾಣೇ!” ಎಂದಿತು ಮತ್ತೊಂದು ದನಿ.

ತರಗತಿಯೇ ಗೊಳ್ಳೆಂದು ನಕ್ಕಿತು. ಒಬ್ಬ ಎದ್ದು ಬಂದು ನನ್ನ ಕೈಯ ಚಾಕ್‌ಪೀಸನ್ನೇ ಕಿತ್ತುಕೊಂಡು ಹಲಗೆಯ ಮೇಲೆ ಬಂಗಡೆಯ ಬೆನ್ನಿಗೆ ಗೆರೆ ಎಳೆದ. “ಬಾಲ ಹಂಗಲ್ವೋ!” ಎಂದು ಇನ್ನೊಬ್ಬ ಅವನನ್ನು ತಳ್ಳಿದ. ಗಂಟೆ ಹೊಡೆದರೂ ಮಾತು ನಿಲ್ಲಲಿಲ್ಲ. ಬಿಟ್ಟು ಹೋಗುವ ಯೋಚನೆ ಆಮೇಲೆ ಬಂದದ್ದು ನೆನಪಿಲ್ಲ.

ಸುಮತಿ ಅಕ್ಕೋರು ಸಿಕ್ಕಾಗ, ನಾಚಿಕೆಯಾಗಿ ಆ ಕಾರ್ಡು ಹರಿಯುತ್ತೇನೆಂದೆ. “ಹರೀಬೇಡ ಮಾರಾಯ್ತಿ,” ಎಂದರು ಅವರು. “ಚೀಲಕ್ಕೆ ಹಾಕು. ನಮ್ಮ ಮಕ್ಕಳೂ ಬಾಯಿ ಬಿಡ್ಲಿ.”

ಮಂಜಗುಣಿಯವಳಿಗೆ ಬರೆದೆ: ‘ತಿದ್ದಬೇಡ. ಮೊದಲು ಮಕ್ಕಳಿಗೆ ತೋರಿಸು.’

ಮಧ್ಯಾಹ್ನ ಅವಳ ತರಗತಿಯ ಗದ್ದಲವೇ ಧ್ವನಿಸಂದೇಶವಾಗಿ ಬಂತು. ನಗು, ಜಗಳ, ನಡುವೆ ಸ್ಪಷ್ಟವಾಗಿ ಒಂದು ಕೂಗು: “ಮಸಾಲೆ ಹಚ್ಚಿದ್ದು!”

ಕೇಳಿ ಬೆಚ್ಚಿದೆ. ಹಾರವಾಡದಲ್ಲಿ ಅಂದು ಆ ಮಾತನ್ನು ನಿಜಕ್ಕೂ ಕೇಳಿದ್ದೆನೋ, ಇಂದು ಕೇಳಿದ್ದನ್ನು ಅಲ್ಲಿಗೆ ಸೇರಿಸಿ ನಿಮಗೆ ಹೇಳಿದೆನೋ? ಡೈರಿಯಲ್ಲಿ ಅದಿಲ್ಲ. ಹುಡುಕುವುದನ್ನು ಬಿಟ್ಟು ಸಂದೇಶವನ್ನು ಮತ್ತೊಮ್ಮೆ ಕೇಳಿದೆ. ಚೀಲದಲ್ಲಿದ್ದದ್ದು ಯಾರದೆಂದು ನಾವು ಯಾವತ್ತು ಕೇಳಿದ್ದೇವೆ?