ಪಕ್ಕದ ಮನೆಯ ಟಿವಿಯಲ್ಲಿ ನನ್ನ ಹಸಿರು ಗೆರೆಗಳು

ಮಿತ್ರರೇ, ಅಂಕೋಲೆಯ ಸೈಬರ್ ಕೆಫೆಯಲ್ಲಿ ಕೂತು ಬರೆಯುತ್ತಿದ್ದೇನೆ. ನನ್ನ ಗೇಮಿಂಗ್ ಲ್ಯಾಪ್‌ಟಾಪಿನ ಪರದೆ ತುಂಬ ಹಸಿರು ಗೆರೆ. ಇಲ್ಲೇ ಹತ್ತಿರದ ಕೇಣಿ ಎಂಬ ಊರಿನ ಬಾಡಿಗೆ ಮನೆಯಲ್ಲಿ ನನಗೆ ಜೊತೆಯೆಂದರೆ ಆ ಲ್ಯಾಪ್‌ಟಾಪ್ ಒಂದೇ.

ಕಾರವಾರದ ರಿಪೇರಿಯವನು ಫೋನಿನಲ್ಲಿ ಹೇಳಿದ: "ಬೇರೆ ಪರದೆಗೆ ಜೋಡಿಸಿ ನೋಡಿ ಸರ್. ಅಲ್ಲೂ ಗೆರೆ ಬಂದ್ರೆ ಗ್ರಾಫಿಕ್ಸ್ ಕಾರ್ಡು ಹೋಯ್ತು ಅಂತ ತಿಳ್ಕೊಳ್ಳಿ."

ಹೀಗಾಗಿ ಎರಡು ವರ್ಷದಲ್ಲಿ ಮೊದಲ ಸಲ ಪಕ್ಕದ ಮನೆಯ ಹೊಸ್ತಿಲು ದಾಟಿದೆ. ಮೀನು ಮಾರಿ ಬಂದ ಅಕ್ಕ ಧಾರಾವಾಹಿ ನೋಡುತ್ತಿದ್ದರು. ಲ್ಯಾಪ್‌ಟಾಪಿನಿಂದ ಅವರ ಟಿವಿಗೆ ವಯರ್ ಸಿಕ್ಕಿಸಿದೆ. ನಾಯಕಿ ಮಾಯವಾಗಿ ಅಲ್ಲೂ ಹಸಿರು ಗೆರೆ!

"ಅಯ್ಯೋ ತಮಾ, ನಿನ್ನ ರೋಗ ನಮ್ಮ ಟಿವಿಗೂ ಹತ್ತಿಸ್ದೆ ಅಲ್ಲಾ!"

ವಯರ್ ಕಿತ್ತು ನಾಯಕಿಯನ್ನು ಬದುಕಿಸಿಕೊಟ್ಟೆ. ಸತ್ತಿದ್ದು ನನ್ನ ಕಾರ್ಡು, ಇನ್ನು ಆಟವಿಲ್ಲ ಎಂದೆ.

"ಹೌದಾ? ನಿನ್ನ ಮನೆಲಿ ದಿನಾ ಬಂದೂಕಿನ ಸಪ್ಪಳ ಕೇಳ್ತಿತ್ತು. ಮನ್ಷರು ಮಾತಾಡಿದ್ದು ಮಾತ್ರ ಒಂದಿನಾನೂ ಕೇಳ್ಲಿಲ್ಲ ನೋಡು" ಎಂದು ಅಕ್ಕ ಚಹಾ ಕೊಟ್ಟರು.

ಪರೀಕ್ಷೆ ಎರಡೇ ನಿಮಿಷದಲ್ಲಿ ಮುಗಿದಿತ್ತು. ಆದರೂ ಮಹಾ ತಜ್ಞನ ಗಾಂಭೀರ್ಯದಿಂದ, "ನಾಳೆ ಇನ್ನೊಮ್ಮೆ ಜೋಡಿಸಿ ನೋಡಬೇಕಾಗ್ತದೆ ಅಕ್ಕಾ" ಎಂದು ಹೇಳಿ ಬಂದಿದ್ದೇನೆ. ಅದರ ಅಗತ್ಯವಿಲ್ಲವೆಂದು ಕಂಪ್ಯೂಟರ್ ಬಲ್ಲ ಗೆಳೆಯರು ಯಾರೂ ಇಲ್ಲಿ ಕಮೆಂಟ್ ಹಾಕಬಾರದೆಂದು ವಿನಂತಿ.