ಅಕ್ಕನ ದನಿಗೆ ಬಿದ್ದ ಬೀಗ

ಗಂಟಲಿನ ಕ್ಯಾನ್ಸರಿಗೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ ಅಕ್ಕ ಕೇಳಿದ್ದು ಒಂದೇ ಮಾತು. "ಆಮೇಲೆ ಇವಳನ್ನ ಬೈಯೋದು ಹೇಗೆ ಡಾಕ್ಟ್ರೇ?" ಇವಳು ಎಂದರೆ ನಾನು, ಅವಳ ತಂಗಿ. ಗಿರಿನಗರದ ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಅದಕ್ಕೂ ಒಂದು ದಾರಿ ಸಿಕ್ಕಿತು. ಇಂಥ ರೋಗಿಗಳಿಗೆ ಜಯನಗರದ ಒಂದು ಸಂಸ್ಥೆ ಅಂಗೈ ಅಗಲದ ಯಂತ್ರವನ್ನು ಎರವಲು ಕೊಡುತ್ತದೆ. ಆಪರೇಷನ್ನಿಗೆ ಮೊದಲೇ ನಮಗೆ ಬೇಕಾದ ಮಾತುಗಳನ್ನು ನಮ್ಮದೇ ದನಿಯಲ್ಲಿ ಅದಕ್ಕೆ ಹೇಳಿಟ್ಟರೆ, ಆಮೇಲೆ ಪರದೆಯ ಮೇಲಿನ ಚಿತ್ರ ಮುಟ್ಟಿದಾಗ ಆ ಮಾತು ಕೇಳಿಸುತ್ತದೆ. ಲೋಟದ ಚಿತ್ರಕ್ಕೆ ಅಕ್ಕ "ಕಾಫಿ ಕೊಡೆ, ನಿನ್ನೆ ಥರ ತಣ್ಣಗಿರಬಾರದು" ಎಂದು ಹೇಳಿಟ್ಟಳು. ಬಾಗಿಲ ಚಿತ್ರಕ್ಕೆ "ಯಾರೇ ಬಂದ್ರೂ ಮಲ್ಗಿದಾರೆ ಅನ್ನು." ಕೈಮುಗಿದ ಚಿತ್ರಕ್ಕೆ ಧನ್ಯವಾದ ಹೇಳಬೇಕು ಎಂದು ಸಂಸ್ಥೆಯವರು ತಿಳಿಸಿದ್ದರು. ಅವಳು ಅದಕ್ಕೆ "ಆಯ್ತು, ಇನ್ನು ಹೊರಡಿ" ಎಂದಳು. ಆಪರೇಷನ್ ಆದಮೇಲೆ ನೋಡಲು ಬಂದ ನೆಂಟರ ಮುಂದೆ ಧಾರಾಳವಾಗಿ ಅದನ್ನೇ ಒತ್ತುತ್ತಿದ್ದಳು.

ಅವಳು ತೀರಿಹೋದ ಸುದ್ದಿಯನ್ನು ಸಂಸ್ಥೆಗೆ ಫೋನ್ ಮಾಡಿ ತಿಳಿಸಿದೆ. ಮರುದಿನ ಯಂತ್ರ ಆನ್ ಮಾಡಿದರೆ ಚಿತ್ರಗಳೇ ಇಲ್ಲ. ಬಳಕೆಯ ಅವಧಿ ಮುಗಿದಿದೆ, ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ ಎಂಬ ಬರಹ ಮಾತ್ರ ಇತ್ತು. ಕುಳಿತಲ್ಲಿಂದಲೇ ಅವರು ಬೀಗ ಹಾಕಿದ್ದರು. ಅವಳ ದನಿ ನನ್ನ ಬಳಿ ಬೇರೆಲ್ಲೂ ಇರಲಿಲ್ಲ.

ಸಂಸ್ಥೆಯ ಕಚೇರಿಗೆ ಹೋದೆ. ಮ್ಯಾನೇಜರು ಮೆದು ಮಾತಿನವರು.

"ಮಿಷಿನ್ ಕೊಟ್ಬಿಡಿ ಮೇಡಂ. ಎಲ್ಲಾ ಅಳಿಸಿ ಇನ್ನೊಬ್ಬ ಪೇಷೆಂಟ್‌ಗೆ ಕೊಡ್ಬೇಕು."

"ಕೊಡ್ತೀನಿ ಸಾರ್. ಮೊದಲು ಅವಳ ದನಿ ಒಂದು ಪೆನ್‌ಡ್ರೈವ್‌ಗೆ ಹಾಕ್ಕೊಡಿ."

"ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು. ಹಾಗೆಲ್ಲ ತೆಗೆಯೋ ಹಾಗಿಲ್ಲ, ಪ್ರೈವಸಿ ರೂಲ್ ಇದೆ."

"ಯಾರ ಪ್ರೈವಸಿ?"

"ಪೇಷೆಂಟ್ದು."

"ಆ ಪೇಷೆಂಟ್‌ಗೆ ಸ್ನಾನ ಮಾಡಿಸ್ತಿದ್ದೋಳು ನಾನು. ನನ್ನಿಂದ ಏನ್ ಮುಚ್ಚಿಡ್ತೀರ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ವೈಕುಂಠ ಸಮಾರಾಧನೆ ಆಗ್ಲಿ ಮೇಡಂ. ಆಮೇಲೆ ತಂದ್ಕೊಡಿ."

ಬನಶಂಕರಿ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಮಾಡುವವರೊಬ್ಬರು ಯಂತ್ರವನ್ನು ತಿರುಗಿಸಿ ನೋಡಿದರು. "ಇದು ಫೋನಲ್ಲ ಆಂಟಿ, ಸಣ್ಣ ಕಂಪ್ಯೂಟರ್. ಒಳಗೆ ಲಿನಕ್ಸ್ ಇದೆ. ಬೇರೆಯವರ ಸ್ಟಿಕ್ಕರ್ ಇರೋದನ್ನ ನಾನ್ ಮುಟ್ಟಲ್ಲ." ಲಿನಕ್ಸ್ ಎಂಬ ಪದವೊಂದನ್ನು ಹಿಡಿದುಕೊಂಡು ಮನೆಗೆ ಬಂದೆ.

ನಾನು ಓದಿದ್ದು ಪಿಯುಸಿ. ಇಂಗ್ಲಿಷ್ ಪುಟಗಳನ್ನು ಫೋನಿನಲ್ಲಿ ನಿಧಾನವಾಗಿ ಓದಿದೆ. ಲಿನಕ್ಸಿನಲ್ಲಿ ಎಲ್ಲ ಅಧಿಕಾರ ಇರುವವನ ಹೆಸರು ರೂಟ್. ಹಳೆಯ ಯಂತ್ರವಾದರೆ, ಅದು ಶುರುವಾಗುವಾಗಲೇ ವಾಲ್ಯೂಮ್ ಬಟನ್ ಒತ್ತಿ ಹಿಡಿದು, ಕಾಣಿಸುವ ಒಂದು ಸಾಲಿನ ಕೊನೆಗೆ ಒಂದು ಎಂಬ ಅಂಕಿ ಸೇರಿಸಬೇಕು. ಆಗ ಅದು ಪಾಸ್‌ವರ್ಡ್ ಕೇಳದೆ ಎದುರಿಗೆ ಕುಳಿತವರನ್ನೇ ರೂಟ್ ಎಂದು ಒಪ್ಪಿಕೊಳ್ಳುತ್ತದೆ. ಅಟ್ಟದ ಮೇಲಿದ್ದ ಕೀಬೋರ್ಡನ್ನು ಇಳಿಸಿ ಒಂದು ಚಿಕ್ಕ ವೈರಿನಿಂದ ಸೇರಿಸಿದೆ. ಹೇಳಿದ ಹಾಗೆಯೇ ಮಾಡಿದೆ. ಬಂದದ್ದು ಅದೇ ಬೀಗದ ಬರಹ. ಮತ್ತೆ ಮಾಡಿದೆ, ಮತ್ತೆ ಅದೇ. ಮಧ್ಯಾಹ್ನಗಳು ಹೀಗೇ ಹೋದವು.

ಸಮಾರಾಧನೆಯ ದಿನ ಊಟದ ಎಲೆಯ ಮುಂದೆ ಸೋದರತ್ತೆ ಶುರುಮಾಡಿದರು. "ಹೋದವಳ ದನಿ ಮನೇಲಿಟ್ಕೊಂಡ್ರೆ ಅವಳಿಗೆ ಮುಕ್ತಿ ಸಿಗಲ್ಲ ಕಣೇ. ಕೊಟ್ಬಿಡು."

"ಫೋಟೋ ಇಟ್ಕೋಬಹುದಾ ಅತ್ತೆ?"

"ಅದು ಬೇರೆ."

"ಹೇಗೆ ಬೇರೆ?"

ಅತ್ತೆ ಆಂಬೊಡೆ ಮುರಿಯುತ್ತ, "ನೀನೂ ಅವಳ ಥರಾನೇ ಆಗ್ತಿದೀಯ" ಎಂದರು. ಹಾಗೆ ಆಗುವುದರಲ್ಲಿ ನನಗೆ ಏನೂ ತಪ್ಪು ಕಾಣಲಿಲ್ಲ.

ಎಲ್ಲರೂ ಹೊರಟ ಮೇಲೆ ಮತ್ತೆ ಕುಳಿತೆ. ಈ ಸಲ ಹೊಡೆದ ಸಾಲನ್ನು ಅಕ್ಕನ ಭೂತಗನ್ನಡಿ ಹಿಡಿದು ಪುಟದೊಂದಿಗೆ ಹೋಲಿಸಿದೆ. ಪುಟದಲ್ಲಿದ್ದ ಒಂದು ಎಂಬ ಅಂಕಿಯ ತಲೆಗೆ ಮೂಗಿತ್ತು. ನಾನು ಹೊಡೆದದ್ದು ನೆಟ್ಟಗೆ ಕಡ್ಡಿಯ ಹಾಗೆ ನಿಂತಿತ್ತು. ಆಗ ಕೀಬೋರ್ಡಿನ ಮೇಲಿದ್ದ ನನ್ನ ಕೈಯನ್ನು ನೋಡಿದೆ. ಉಂಗುರ ಬೆರಳು ಎಲ್ ಅಕ್ಷರದ ಮೇಲಿತ್ತು.

ಅಕ್ಕನೂ ನಾನೂ ವಿಲ್ಸನ್ ಗಾರ್ಡನ್‌ನಲ್ಲಿ ಟೈಪಿಂಗ್ ಕಲಿತವರು. ಅಲ್ಲಿಯ ಹಳೆಯ ಮಿಷಿನ್ನುಗಳಲ್ಲಿ ಒಂದು ಎಂಬ ಅಂಕಿಗೆ ಕೀಲಿಯೇ ಇರಲಿಲ್ಲ. ಸಣ್ಣ ಎಲ್ ಹೊಡೆದರೆ ಅದೇ ಒಂದು. ಕೀಲಿ ನೋಡಿಕೊಂಡು ಹೊಡೆದರೆ ಮೇಷ್ಟ್ರು ಸ್ಕೇಲಿನಿಂದ ಬೆರಳಿಗೆ ಕೊಡುತ್ತಿದ್ದರು. ಆಮೇಲೆ ವಕೀಲರೊಬ್ಬರ ಆಫೀಸಿನಲ್ಲಿ ಅಂಥದೇ ಮಿಷಿನ್ನಿನ ಮುಂದೆ ಕುಳಿತೆ. ಕಣ್ಣು ಕಾಗದದ ಮೇಲೆ, ಬೆರಳು ತನ್ನ ಪಾಡಿಗೆ.

ಎಲ್ ಅಳಿಸಿ, ಕೀಲಿಗಳನ್ನು ನೋಡಿಕೊಂಡೇ ಹುಡುಕಿ, ಮೇಲಿನ ಸಾಲಿನ ಎಡತುದಿಯಲ್ಲಿದ್ದ ಒಂದು ಎಂಬ ಅಂಕಿಯನ್ನು ಒತ್ತಿದೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳು ಸರಸರನೆ ಹರಿದು, ಕೊನೆಗೆ # ಗುರುತಿನ ಪಕ್ಕ ನಿಂತವು. ಆ ಗುರುತು ಬಂದರೆ ನೀವೇ ರೂಟ್ ಎಂದು ಓದಿದ್ದೆ. ಅಕ್ಕನ ಎಲ್ಲ ಮಾತುಗಳನ್ನೂ ಪೆನ್‌ಡ್ರೈವಿಗೆ ಇಳಿಸಿಕೊಂಡೆ.

ಚಿತ್ರಗಳಿಗೆ ಸೇರಿಸದೆ ಬಿಟ್ಟ ಮಾತುಗಳೂ ಅದರಲ್ಲಿದ್ದವು. ಕೆಮ್ಮು, ತಪ್ಪಿ ಮತ್ತೆ ಹೇಳಿದ್ದು, ಕುಕ್ಕರ್ ಕೂಗಿನ ನಡುವೆ "ಅದನ್ನ ಆರ್ಸೇ ಮಾರಾಯ್ತಿ, ನನ್ನ ದನಿ ಹೋಗೋ ಮುಂಚೆ." ಅಲ್ಲಿಗೆ ನಿಲ್ಲಿಸಿದೆ.

ಯಂತ್ರವನ್ನು ನಾನೇ ಕಚೇರಿಗೆ ಒಯ್ದು ಕೊಟ್ಟೆ. ಕೇಳುವ ಮೊದಲೇ ಹೇಳಿದೆ.

"ಒಳಗೆ ಹೋಗಿ ಅವಳ ದನಿ ತಗೊಂಡೆ ಸಾರ್."

"ಅಡ್ಮಿನ್ ಆಗಿ? ನೀವು?"

"ನಾನೇ."

"ರೂಲ್ ಪ್ರಕಾರ ಆ ಕಾಪಿ ಅಳಿಸ್ಬೇಕು ಮೇಡಂ."

"ಅಳಿಸಲ್ಲ."

"ಮೇಲಿನವರಿಗೆ ಬರೀಬೇಕಾಗುತ್ತೆ."

"ಬರೀರಿ. ಬೇಕಾದ್ರೆ ನಾನೇ ಟೈಪ್ ಮಾಡ್ಕೊಡ್ತೀನಿ."

ಮುಂದೆ ಈ ಯಂತ್ರವನ್ನು ಒಯ್ಯುವ ಮನೆಯವರೂ ಒಂದು ದಿನ ಇದನ್ನೇ ಕೇಳುತ್ತಾರೆ, ಆಗ ನನಗೆ ಫೋನ್ ಮಾಡಿಸಿ, ಹೇಳಿಕೊಡುತ್ತೇನೆ ಎಂದೆ. ಅವರು ನನ್ನ ನಂಬರ್ ಬರೆದುಕೊಳ್ಳಲಿಲ್ಲ. ಮೇಜಿನ ಮೇಲಿದ್ದ ಅವರ ಪೆನ್ನನ್ನೇ ತೆಗೆದುಕೊಂಡು, ಯಂತ್ರದ ಹಿಂಬದಿಯ ಸ್ಟಿಕ್ಕರಿನ ಮೇಲೆ ನಂಬರನ್ನು ದಪ್ಪಗೆ ಬರೆದೆ. ಒರೆಸಬೇಕೆನಿಸಿದರೆ ಒರೆಸಿಕೊಳ್ಳಲಿ.